ಅತಿಥಿಯ ಇಂಗ್ಲಿಷ್, ಆತಿಥೇಯರ ಇಂಗ್ಲಿಷ್

ಇಂಗ್ಲಿಷ್ ಕಲಿಸುವ ವಿಧಾನಗಳ ಬಗ್ಗೆ ಹೊರದೇಶಗಳಲ್ಲಿ ಬರುವ ಪುಸ್ತಕಗಳನ್ನು ತೆರೆದರೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರು ಒಂದಲ್ಲ ಒಂದು ಪುಟದಲ್ಲಿ ಎದುರಾಗುತ್ತದೆ. ಆ ಹೆಸರು ಹೊತ್ತ ಊರಿನಲ್ಲಿ ಮಾತ್ರ ಅದನ್ನು ಬಲ್ಲವರು ಕಡಿಮೆ. ಪ್ರವಾಸೋದ್ಯಮಕ್ಕೆ ಹೋಗಬೇಕೆಂದಿರುವ ನಮ್ಮ ಹುಡುಗ ಹುಡುಗಿಯರಿಗೆ ಆ ಪ್ರಯೋಗದಿಂದ ಸಿಗಬೇಕಾದ ಲಾಭ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಅದಕ್ಕಾಗಿಯೇ ಈ ಕತೆ ಹೇಳಬೇಕೆನಿಸಿತು.

ಊರಿನ ನಕ್ಷೆ ಮಾಡಿಸುವುದು, ಬಂದವರಿಗೆ ಎರಡು ದಿನದ ಪ್ರವಾಸದ ಯೋಜನೆ ಹಾಕಿಕೊಡಿಸುವುದು, ನಿಜವಾದ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಜಾಗ ತೋರಿಸುವಂತೆ ಮಾಡುವುದು, ಇವೆಲ್ಲದರ ಜೊತೆಜೊತೆಗೇ ಇಂಗ್ಲಿಷ್ ಕಲಿಸುವುದು ಈಗ ಅನೇಕ ದೇಶಗಳ ಪ್ರವಾಸೋದ್ಯಮ ಕಾಲೇಜುಗಳಲ್ಲಿ ನಡೆಯುತ್ತಿದೆ. ಇದನ್ನು ಯಾರೋ ಒಬ್ಬರು ಒಂದು ದಿನ ಕೂತು ಕಂಡುಹಿಡಿದದ್ದಲ್ಲ. ಒಂದೊಂದು ಊರಲ್ಲಿ ಒಂದೊಂದು ತುಂಡು ಸಿಕ್ಕಿತು. ದೊಡ್ಡದೊಂದು ತುಂಡು ಸಿಕ್ಕಿದ್ದು ಬೆಂಗಳೂರು ಮತ್ತು ಮದ್ರಾಸಿನ ಸಾಧಾರಣ ಶಾಲೆಗಳಲ್ಲಿ.

ಮೊದಲು ಕೈಗೆ ಸಿಕ್ಕಿದ್ದು ತಪ್ಪು ದಾರಿ. 1970ರ ದಶಕದಲ್ಲಿ ಯುರೋಪಿನ ಒಂದು ದೇಶದವರು ಇನ್ನೊಂದು ದೇಶಕ್ಕೆ ರಜೆಗೆ ಹೋಗುವುದು ಸಾಮಾನ್ಯವಾಗಿಬಿಟ್ಟಿತ್ತು. ಬೇರೆ ದೇಶಕ್ಕೆ ಹೋದವನಿಗೆ ಕನಿಷ್ಠ ಎಷ್ಟು ಭಾಷೆ ಬೇಕು ಎಂದು ಯುರೋಪ್ ಕೌನ್ಸಿಲ್ ತಜ್ಞರಿಂದ ಲೆಕ್ಕ ಹಾಕಿಸಿತು. ಯಾನ್ ವಾನ್ ಎಕ್ ಅವರ ‘ತ್ರೆಶೋಲ್ಡ್ ಲೆವೆಲ್’ 1975ರಲ್ಲಿ ಬಂತು. ದಾರಿ ಕೇಳುವುದು, ರೂಮು ಹಿಡಿಯುವುದು, ಊಟಕ್ಕೆ ಹೇಳುವುದು, ಕ್ಷಮೆ ಕೋರುವುದು, ಹೀಗೆ ಮಾತಿನ ಕೆಲಸಗಳ ಪಟ್ಟಿ ಅದು. ಮೂರು ವರ್ಷ ಕಳೆದು, 1978ರಲ್ಲಿ, ಜಾನ್ ಮನ್ಬಿ ಇನ್ನೂ ಮುಂದೆ ಹೋದರು. ಯಾವುದೇ ಒಬ್ಬ ಕಲಿಯುವವನನ್ನು ತೆಗೆದುಕೊಂಡು, ಅವನ ಕೆಲಸ ಏನು, ಯಾರ ಜೊತೆ ಮಾತಾಡುತ್ತಾನೆ, ಎಲ್ಲಿ, ಯಾವ ದನಿಯಲ್ಲಿ ಎಂದು ಒಂದೊಂದಾಗಿ ಗುರುತು ಹಾಕುತ್ತ ಹೋದರೆ ಕೊನೆಗೆ ಅವನಿಗೆ ಬೇಕಾದ ಭಾಷೆಯ ಸಂಪೂರ್ಣ ಪಟ್ಟಿ ಸಿಗುತ್ತದೆ ಎಂಬುದು ಅವರ ವಾದ. ಪುಸ್ತಕದಲ್ಲಿ ಮಾದರಿಗೆಂದು ಅವರು ಆರಿಸಿಕೊಂಡವರಲ್ಲಿ ಒಬ್ಬ ಸ್ಪೇನಿನ ಪ್ರವಾಸಿ ತಾಣದಲ್ಲಿ ಕೆಲಸ ಮಾಡುವ ಹೆಡ್ ವೇಟರ್. ಬಂದವರನ್ನು ಸ್ವಾಗತಿಸುವುದರಿಂದ ಹಿಡಿದು ಮೆನು ವಿವರಿಸಿ ಆರ್ಡರ್ ತೆಗೆದುಕೊಳ್ಳುವವರೆಗೆ ಅವನಿಗೆ ಏನೇನು ಬೇಕೋ ಎಲ್ಲವೂ ಅಲ್ಲಿದೆ.

ಪ್ರವಾಸೋದ್ಯಮದ ಇಂಗ್ಲಿಷ್ ಎಂಬ ವಿಷಯಕ್ಕೆ ಅಡಿಗಲ್ಲು ಹಾಕಿದ ಬರಹಗಳಲ್ಲಿ ಅದೂ ಒಂದು. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸದಲ್ಲಿ ಒಂದು ಕೊರತೆ ಉಳಿದುಹೋಯಿತು. ವೇಟರ್ ಬಗ್ಗೆ ಎಲ್ಲವನ್ನೂ ಕಲೆ ಹಾಕಿದರು, ವೇಟರನ್ನೇ ಕೇಳಲಿಲ್ಲ. ಅವನು ಏನು ಮಾತಾಡಬೇಕು ಎಂಬುದು ತಿಳಿಯಿತು, ಅದನ್ನು ಹೇಗೆ ಕಲಿಯುತ್ತಾನೆ ಎಂಬುದು ತಿಳಿಯಲಿಲ್ಲ. ಟಾಮ್ ಹಚಿನ್ಸನ್ ಮತ್ತು ಅಲನ್ ವಾಟರ್ಸ್ 1987ರಲ್ಲಿ ಬರೆದ ಪುಸ್ತಕದಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹಿಡಿದರು. ತಲುಪಬೇಕಾದ ಊರು ಗೊತ್ತಿದ್ದ ಮಾತ್ರಕ್ಕೆ ಹೋಗುವ ದಾರಿ ಗೊತ್ತಾದಂತಲ್ಲ ಎಂಬುದು ಅವರ ತಕರಾರಿನ ಸಾರ. ಆದರೂ ಪಟ್ಟಿಯ ಮೋಹ ಹೋಗಲಿಲ್ಲ. ನಮ್ಮಲ್ಲಿ ಇವತ್ತಿಗೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರ ಕೈಗೆ ಸಿಗುವ ಎಷ್ಟೋ ಇಂಗ್ಲಿಷ್ ಪುಸ್ತಕಗಳು ಅಂಥ ಪಟ್ಟಿಗಳೇ: ಗುಡ್ ಮಾರ್ನಿಂಗ್ ಸರ್, ವೆಲ್‌ಕಮ್ ಟು ಅವರ್ ಹೋಟೆಲ್, ಮೇ ಐ ಹೆಲ್ಪ್ ಯು. ಬಾಯಿಪಾಠ ಮಾಡಿ ಹೇಳಿದರೆ ಮಾರ್ಕ್ಸ್. ಎದುರಿಗೆ ನಿಂತವರು ಪುಸ್ತಕದಲ್ಲಿಲ್ಲದ ಮೊದಲ ಪ್ರಶ್ನೆ ಕೇಳುತ್ತಿದ್ದಂತೆ ಮಾತು ನಿಂತುಹೋಗುತ್ತದೆ.

ಇಲ್ಲಿ ಬಂಗಾಳದಲ್ಲಿ ಕೆಲಸ ಮಾಡಿದ ಮೈಕೆಲ್ ವೆಸ್ಟ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದ ಅವರು 1926ರಲ್ಲೇ ಒಂದು ಪ್ರಶ್ನೆ ಎತ್ತಿದ್ದರು. ಬಹುಪಾಲು ಮಕ್ಕಳು ಓದನ್ನು ನಡುವೆಯೇ ಬಿಡುತ್ತಾರೆ. ಬಿಟ್ಟ ದಿನ ಅವರ ಕೈಯಲ್ಲಿ ಏನು ಉಳಿಯುತ್ತದೆ? ವಿಮೆಯವರ ಮಾತನ್ನೇ ಎರವಲು ಪಡೆದು ಅವರು ಇದನ್ನು ಪಾಠದ ‘ಸರೆಂಡರ್ ವ್ಯಾಲ್ಯೂ’ ಎಂದು ಕರೆದರು. ಎಲ್‌ಐಸಿ ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಿದವರಿಗೆ ಕೈಗೆ ಬರುವ ಮೊತ್ತದ ಹಾಗೆ, ಕಲಿಕೆಯನ್ನು ಅರ್ಧಕ್ಕೆ ನಿಲ್ಲಿಸಿದವರಿಗೂ ಕಲಿತಷ್ಟು ದಕ್ಕಬೇಕು. ಸೀಸನ್ ಶುರುವಾದ ಕೂಡಲೇ ಕಾಲೇಜು ಬಿಟ್ಟು ಲಾಡ್ಜಿನ ಕೌಂಟರಿಗೋ ಟ್ಯಾಕ್ಸಿಯ ಸ್ಟಿಯರಿಂಗಿಗೋ ಹೋಗುವ ಹುಡುಗರ ವಿಚಾರದಲ್ಲಿ ಈ ಪ್ರಶ್ನೆ ಇಂದಿಗೂ ಅಷ್ಟೇ ಹರಿತವಾಗಿದೆ.

ಈಗ ಬೆಂಗಳೂರಿಗೆ ಬರೋಣ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಗಿತ್ತು. 1950ರ ದಶಕದಿಂದ ನಮ್ಮ ಕಡೆ ನಡೆದು ಬಂದಿದ್ದು ‘ಸ್ಟ್ರಕ್ಚರಲ್’ ವಿಧಾನ. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ತರಗತಿಯಲ್ಲಿ ಹೇಳಿಸಿ ಹೇಳಿಸಿ ಗಟ್ಟಿ ಮಾಡಿಸುವುದು. ದಿಸ್ ಈಸ್ ಎ ಬುಕ್ ಎಂದು ಒಕ್ಕೊರಲಿನಿಂದ ಕೂಗಿದ ಪೀಳಿಗೆಗಳು ನಮ್ಮ ಮನೆಗಳಲ್ಲೇ ಇವೆ. 1970ರ ದಶಕದ ಕೊನೆಗೆ ಈ ವಿಧಾನದ ಬಗ್ಗೆ ಅತೃಪ್ತಿ ಬೆಳೆದಿತ್ತು. ಹೇಳಿಸಿದಾಗ ಸರಿಯಾಗಿ ಹೇಳುವ ಮಗು ಬೇಕಾದಾಗ ಹೇಳಲಾರದು, ಇವತ್ತು ಗಟ್ಟಿಯಾದ ಅಚ್ಚು ಮುಂದಿನ ತಿಂಗಳು ಸಡಿಲವಾಗಿರುತ್ತದೆ.

ಎನ್.ಎಸ್. ಪ್ರಭು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಇಂಗ್ಲಿಷ್ ಕಲಿಕೆಯ ಅಧಿಕಾರಿ. ಯುರೋಪಿನಿಂದ ಬಂದಿದ್ದ ಹೊಸ ಪಟ್ಟಿಗಳನ್ನು ಇಲ್ಲಿಗೂ ತರೋಣವೆಂಬ ಮಾತು ಸುತ್ತ ನಡೆಯುತ್ತಿದ್ದಾಗ ಅವರು ಒಪ್ಪಲಿಲ್ಲ. ನಮ್ಮ ಸರ್ಕಾರಿ ಶಾಲೆಯ ಮಗು ನಾಳೆ ಲಂಡನ್ನಿನ ಬೀದಿಯಲ್ಲಿ ನಿಂತು ದಾರಿ ಕೇಳಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಮುಂದೆ ಯಾವ ಕೆಲಸಕ್ಕೂ ಒದಗುವ ಗಟ್ಟಿಯಾದ ಭಾಷೆ, ಎಂದರೆ ವ್ಯಾಕರಣವೇ. ಪ್ರಭು ಅವರ ಊಹೆಯ ಧೈರ್ಯ ಇದ್ದದ್ದು ಇದರ ಮುಂದಿನ ಹೆಜ್ಜೆಯಲ್ಲಿ: ಮನಸ್ಸು ಭಾಷೆಯ ಮೇಲಿರುವಾಗ ಅಲ್ಲ, ಅರ್ಥದ ಮೇಲಿರುವಾಗ, ಒಂದು ಸಮಸ್ಯೆ ಬಿಡಿಸುವುದರಲ್ಲಿ ಮುಳುಗಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ. ಇದನ್ನು ಪರೀಕ್ಷಿಸಬೇಕಾದರೆ ತರಗತಿಗೇ ಇಳಿಯಬೇಕು. ಬೆಂಗಳೂರಿನ ಸಂಸ್ಥೆಯಲ್ಲಿ ಚರ್ಚೆಗಳು ನಡೆದು 1979ರಲ್ಲಿ ಪಾಠ ಶುರುವಾಯಿತು. 1984ರವರೆಗೆ, ಐದು ವರ್ಷ, ಬೆಂಗಳೂರು, ಮದ್ರಾಸ್, ಕಡಲೂರು, ತಲಶ್ಶೇರಿಯಂಥ ಊರುಗಳ ಶಾಲೆಗಳಲ್ಲಿ ಅದು ನಡೆಯಿತು. ಕೈಯಲ್ಲಿ ವ್ಯಾಕರಣದ ಪಠ್ಯಕ್ರಮ ಇರಲಿಲ್ಲ. ಇವತ್ತು ಯಾವ ವಾಕ್ಯರೂಪ, ನಾಳೆ ಯಾವುದು ಎಂಬ ಯೋಜನೆ ಇರಲಿಲ್ಲ. ಇದ್ದದ್ದು ಸಮಸ್ಯೆಗಳ ಸರಣಿ.

ಅಂಥದೊಂದು ಪಾಠವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೋರ್ಡಿನ ಮೇಲೆ ಮದ್ರಾಸಿನಿಂದ ಬೆಂಗಳೂರಿಗೆ ಬರುವ ನಾಲ್ಕು ರೈಲುಗಳ ವೇಳಾಪಟ್ಟಿ. ಕಾಟ್ಪಾಡಿ, ಜೋಲಾರ್‌ಪೇಟೆ, ಬಂಗಾರಪೇಟೆ, ಒಂದೊಂದಕ್ಕೂ ಬಂದ ಹೊತ್ತು, ಬಿಟ್ಟ ಹೊತ್ತು. ಟೀಚರ್ ಕೇಳುತ್ತಾರೆ: ಬೆಳಗ್ಗೆ ಮೊದಲು ಹೊರಡುವ ಗಾಡಿ ಯಾವುದು? ಕಾಟ್ಪಾಡಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಯಾವುದು ಬೇಗ ತಲುಪುತ್ತದೆ? ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಮಗು ‘ಟೆನ್ ಮಿನಿಟ್’ ಎಂದರೂ ಸರಿ, ಬೆರಳು ತೋರಿಸಿದರೂ ಸರಿ. ಟೀಚರ್ ‘ಯೆಸ್, ಇಟ್ ಸ್ಟಾಪ್ಸ್ ದೇರ್ ಫಾರ್ ಟೆನ್ ಮಿನಿಟ್ಸ್’ ಎಂದು ತುಂಬಿ ಹೇಳಿ ಮುಂದೆ ಹೋಗುತ್ತಾರೆ. ಮಗುವಿನಿಂದ ಅದನ್ನು ಹೇಳಿಸುತ್ತ ಕೂರುವುದಿಲ್ಲ. ಇದು ಮೊದಲ ಭಾಗ, ಇಡೀ ತರಗತಿ ಸೇರಿ ಮಾಡುವಂಥದ್ದು. ಎರಡನೆಯ ಭಾಗದಲ್ಲಿ ಅದೇ ಜಾತಿಯ ಇನ್ನೊಂದು ಸಮಸ್ಯೆಯನ್ನು ಪ್ರತಿಯೊಬ್ಬರೂ ಒಬ್ಬೊಬ್ಬರೇ ಬಿಡಿಸಬೇಕು. ಒಬ್ಬನಿಗೆ ಕಾಟ್ಪಾಡಿಯಲ್ಲಿ ಎರಡು ಗಂಟೆ ಕೆಲಸವಿದೆ, ಕತ್ತಲಾಗುವ ಮುಂಚೆ ಬೆಂಗಳೂರು ತಲುಪಬೇಕು. ಯಾವ ಗಾಡಿಯಲ್ಲಿ ಬಂದು ಯಾವ ಗಾಡಿ ಹಿಡಿಯಬೇಕು? ಮಾರ್ಕ್ಸ್ ಸಿಗುವುದು ಉತ್ತರ ಸರಿಯಿದ್ದರೆ. ಕಾಗುಣಿತಕ್ಕೂ ವಾಕ್ಯಕ್ಕೂ ಅಲ್ಲ.

ಆ ಪ್ರಯೋಗದ ಪಾಠಗಳ ಪಟ್ಟಿ ನೋಡಿದಾಗ ನನಗೆ ರೋಮಾಂಚನವಾಯಿತು. ನಕ್ಷೆಗಳು, ರೈಲು ವೇಳಾಪಟ್ಟಿಗಳು, ದೂರದ ಲೆಕ್ಕ, ಹಣದ ಲೆಕ್ಕ, ಕ್ಯಾಲೆಂಡರ್, ಪ್ರವಾಸದ ಕಾರ್ಯಕ್ರಮಗಳು. ಇವು ಒಂದು ಟ್ರಾವೆಲ್ಸ್ ಆಫೀಸಿನ ಮೇಜಿನ ಮೇಲೆ ದಿನವೂ ಓಡಾಡುವ ವಸ್ತುಗಳು! ಪ್ರಭು ಮತ್ತು ಅವರ ಸಂಗಡಿಗರು ಪ್ರವಾಸೋದ್ಯಮಕ್ಕೆ ಮಕ್ಕಳನ್ನು ತಯಾರು ಮಾಡುತ್ತಿರಲಿಲ್ಲ. ತರ್ಕ ಬೇಡುವ, ಉತ್ತರ ಖಚಿತವಾಗಿರುವ, ಎಂಟು ವರ್ಷದವರಿಂದ ಹದಿನೈದರವರೆಗಿನ ಮಕ್ಕಳಿಗೆ ನಿಲುಕುವ ಸಮಸ್ಯೆಗಳನ್ನು ಹುಡುಕುತ್ತ ಹೋದವರು ಕೊನೆಗೆ ಸೇರಿದ್ದು ಅಲ್ಲಿಗೆ.

ಐದು ವರ್ಷದಲ್ಲಿ ಅವರಿಗೆ ತಿಳಿದು ಬಂದದ್ದು ಬಹಳ. ಸಮಸ್ಯೆಗಳನ್ನು ಅವರು ಮೂರು ಬಗೆಯಾಗಿ ನೋಡಿದರು. ಒಬ್ಬನಿಗೆ ಗೊತ್ತಿರುವುದನ್ನು ಇನ್ನೊಬ್ಬನಿಗೆ ತಿಳಿಸುವುದು ಒಂದು, ಗೊತ್ತಿರುವ ಸಂಗತಿಗಳಿಂದ ಗೊತ್ತಿಲ್ಲದ್ದನ್ನು ತರ್ಕಿಸುವುದು ಎರಡು, ತನ್ನ ಅಭಿಪ್ರಾಯ ಹೇಳುವುದು ಮೂರು. ಅನುಭವದಲ್ಲಿ ಗೆದ್ದದ್ದು ಎರಡನೆಯದು. ತರ್ಕ ಮಾಡುವಾಗ ಮಗು ಸುರಕ್ಷಿತವಾಗಿರುತ್ತದೆ, ಹೇಳಬೇಕಾದ್ದರ ತಳಹದಿ ಕಣ್ಣೆದುರೇ ಇರುತ್ತದೆ, ಜೊತೆಗೆ ಮನಸ್ಸೂ ಕೆಲಸ ಮಾಡುತ್ತದೆ. ಸಮಸ್ಯೆ ಎಷ್ಟು ಕಷ್ಟವಿರಬೇಕು ಎಂಬುದಕ್ಕೂ ಅವರಿಗೆ ಒಂದು ಅಳತೆ ಸಿಕ್ಕಿತು: ತರಗತಿಯ ಅರ್ಧದಷ್ಟಾದರೂ ಮಕ್ಕಳು ಕೊಟ್ಟ ಕೆಲಸದಲ್ಲಿ ಅರ್ಧವನ್ನಾದರೂ ಸರಿ ಮಾಡಿದರೆ ಅದು ತಕ್ಕ ಸವಾಲು. ಎಲ್ಲರೂ ಎಲ್ಲವನ್ನೂ ಮಾಡಿಬಿಟ್ಟರೆ ಪಾಠ ಸಪ್ಪೆ. ಸಂಶೋಧನೆಯ ವರದಿಗಳನ್ನು ಓದದ ಟೀಚರಿಗೂ ನಾಳೆ ಬೆಳಗ್ಗೆಯೇ ಉಪಯೋಗಕ್ಕೆ ಬರುವ ಇಂಥ ಅಳತೆಗಳು ಶಿಕ್ಷಣಶಾಸ್ತ್ರದಲ್ಲಿ ಅಪರೂಪ.

ಪ್ರಯೋಗದ ಕೊನೆಗೆ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅದರ ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯನ್ನೇ ನೇರವಾಗಿ ಕೇಳಿದ ಪರೀಕ್ಷೆಯಲ್ಲಿ ಹಳೆಯ ವಿಧಾನದ ಮಕ್ಕಳು ಚೆನ್ನಾಗಿ ಮಾಡಿದರು. ಭಾಷೆಯನ್ನು ಸಂದರ್ಭದಲ್ಲಿ ಬಳಸಬೇಕಾದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಾಜೆಕ್ಟಿನ ಮಕ್ಕಳ ಕೈ ಮೇಲಾಯಿತು. ಪ್ರಯೋಗಕ್ಕೆ ಬಂದ ಶಿಕ್ಷಕರು ಹೆಚ್ಚು ಓದಿದವರು, ಉತ್ಸಾಹಿಗಳು, ಹಾಗಾಗಿ ಫಲಿತಾಂಶವನ್ನು ಎಚ್ಚರದಿಂದ ಓದಬೇಕು ಎಂಬ ಮಾತೂ ಬಂತು. ಅದು ನ್ಯಾಯವಾದ ಮಾತು. ಹೊರಗಿನಿಂದ ಬಂದ ತರಬೇತುದಾರರಿಗೆ ಒಗ್ಗಿದಷ್ಟು ಸುಲಭವಾಗಿ ಇದು ಶಾಲೆಯ ಖಾಯಂ ಶಿಕ್ಷಕರಿಗೆ ಒಗ್ಗಲಿಲ್ಲ ಎಂದು ಬೆರೆಟ್ಟಾ ಮುಂದೆ ಬರೆದರು. ಪ್ರಭು ತಮ್ಮ ಪುಸ್ತಕವನ್ನು 1987ರಲ್ಲಿ ಹೊರತಂದರು. ಪುಸ್ತಕ ಜಗತ್ತು ಸುತ್ತಿತು, ಟಾಸ್ಕ್ ಮೂಲಕ ಭಾಷೆ ಕಲಿಸುವ ದೊಡ್ಡ ಪಂಥವೇ ಅದರ ಸುತ್ತ ಬೆಳೆಯಿತು. ನಮ್ಮ ಪಬ್ಲಿಕ್ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಅದರಿಂದ ಬದಲಾಗಲಿಲ್ಲ. ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಪಾಠ ಎಲ್ಲಿಂದ ಬದಲಾದೀತು?

ಕತೆಯ ಇನ್ನೊಂದು ಎಳೆ ಪ್ರಾಜೆಕ್ಟ್ ಎಂಬುದರದ್ದು. ಅದು ಇಂಗ್ಲಿಷ್ ತರಗತಿಯಲ್ಲಿ ಹುಟ್ಟಿದ್ದಲ್ಲ. ರೋಮ್ ಮತ್ತು ಪ್ಯಾರಿಸ್ಸಿನ ವಾಸ್ತುಶಿಲ್ಪ ಅಕಾಡೆಮಿಗಳಲ್ಲಿ ವಿದ್ಯಾರ್ಥಿಗಳಿಗೆ ಕಟ್ಟಡದ ನಕ್ಷೆ ಹಾಕಲು ಕೊಡುತ್ತಿದ್ದ ಸ್ಪರ್ಧೆಗಳಿಂದ ಅದು ಬಂತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ರೂಫಸ್ ಸ್ಟಿಮ್ಸನ್ ಕೃಷಿಶಾಲೆಯ ಹುಡುಗರಿಗೆ ಅವರವರ ಮನೆಯ ಹೊಲದಲ್ಲೇ ಬೆಳೆ ತೆಗೆಯುವ ಪ್ರಾಜೆಕ್ಟ್ ಕೊಟ್ಟರು. ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಲೇಖನದಿಂದ ಅದು ಎಲ್ಲ ಕಡೆ ಹಬ್ಬಿತು. ಪಂಜಾಬಿನ ಮೋಗಾದಲ್ಲಿ ಹಳ್ಳಿ ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ತರಬೇತಿ ಶಾಲೆ 1920ರ ದಶಕದಲ್ಲೇ ಪ್ರಾಜೆಕ್ಟ್ ವಿಧಾನಕ್ಕೆ ಹೆಸರಾಗಿತ್ತು. ಭಾಷೆ ಕಲಿಸುವವರು ಮಾತ್ರ ತುಂಬ ಕಾಲ ಇದರ ಕಡೆ ತಿರುಗಿ ನೋಡಲಿಲ್ಲ.

ನೋಡಿದಾಗ ಏನಾಯಿತು ಎಂಬುದಕ್ಕೆ ಫ್ರಾಂಕ್‌ಫರ್ಟ್ ಒಳ್ಳೆಯ ಸಾಕ್ಷಿ. ಜರ್ಮನಿಯಲ್ಲಿ ಮೈಕೆಲ್ ಲೆಗುಟ್ಕೆ, ವೋಲ್ಫ್‌ಗಾಂಗ್ ಥೀಲ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದ ಮೊದಲಲ್ಲಿ ‘ಏರ್‌ಪೋರ್ಟ್’ ಎಂಬ ಪ್ರಾಜೆಕ್ಟ್ ರೂಪಿಸಿದರು. ಆರನೆಯ ತರಗತಿಯ ಮಕ್ಕಳು, ಇಂಗ್ಲಿಷ್ ಕಲಿಯತೊಡಗಿ ಹೆಚ್ಚು ಕಾಲವಾಗಿರಲಿಲ್ಲ. ಹತ್ತಿರದಲ್ಲೇ ದೇಶದ ಅತಿ ದೊಡ್ಡ ವಿಮಾನ ನಿಲ್ದಾಣ, ಅಲ್ಲಿ ಬರುವ ಹೋಗುವ ಲೋಕದ ಜನ. ಜರ್ಮನಿಯ ಮಕ್ಕಳಿಗೂ ಇಂಗ್ಲಿಷ್ ಪರಭಾಷೆ, ತರಗತಿಯ ಹೊರಗೆ ಅದರ ಅಗತ್ಯವಿಲ್ಲ. ಆ ಅಗತ್ಯ ನಿಜವಾಗಿ ಇರುವ ಜಾಗಕ್ಕೇ ಮಕ್ಕಳನ್ನು ಕರೆದೊಯ್ದರೆ?

ನಾವು ‘ಶೈಕ್ಷಣಿಕ ಪ್ರವಾಸ’ ಎಂದು ಬಸ್ಸು ಹತ್ತಿಸುವಂತೆ ಅವರು ಹತ್ತಿಸಲಿಲ್ಲ. ಮೊದಲು ತರಗತಿಯಲ್ಲಿ ಏನು ತಿಳಿಯಬೇಕೆಂದು ಮಕ್ಕಳೇ ಪ್ರಶ್ನೆ ಮಾಡಿಕೊಂಡರು. ಅವಸರದಲ್ಲಿರುವವರನ್ನು ಹೇಗೆ ನಿಲ್ಲಿಸುವುದು, ಒಲ್ಲೆ ಎಂದರೆ ಏನೆನ್ನುವುದು, ಹೇಳಿದ್ದು ಅರ್ಥವಾಗದಿದ್ದರೆ ಮತ್ತೆ ಹೇಗೆ ಕೇಳುವುದು ಎಂದು ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿದರು. ಆಮೇಲೆ ಟೇಪ್‌ರೆಕಾರ್ಡರ್ ಹಿಡಿದು ಪ್ರಯಾಣಿಕರ ಮುಂದೆ ನಿಂತರು. ಹಿಂದಿರುಗಿ ಬಂದು ತಮ್ಮದೇ ದನಿಯನ್ನೂ ಪರದೇಶದವರ ದನಿಯನ್ನೂ ಕೇಳಿ, ಬರೆದು, ಬೇರೆಯವರ ಮುಂದೆ ಇಟ್ಟರು. ಈ ಮೂರು ಘಟ್ಟಗಳಲ್ಲಿ ಹೊರಗಿನವರಿಗೆ ಕಾಣಿಸುವುದು ನಡುವಿನದು. ಕಲಿಕೆ ಹೆಚ್ಚಾಗಿ ನಡೆಯುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ ಎಂದು ನನಗೆ ಅನಿಸುತ್ತದೆ. ಭಯದಿಂದ ಹುಟ್ಟುವ ಸಿದ್ಧತೆ, ಆಮೇಲೆ ರೆಕಾರ್ಡಿಂಗನ್ನು ಕೂತು ಕೇಳುವ ಸಾವಧಾನ. ವ್ಯಾಕರಣಕ್ಕೆ ಸರಿಯಾದ ಹೊತ್ತು ಸಿಗುವುದೂ ಅಲ್ಲೇ. ತಾನು ಕೇಳಿದ ಪ್ರಶ್ನೆ ಎದುರಿನವರಿಗೆ ಯಾಕೆ ಅರ್ಥವಾಗಲಿಲ್ಲ ಎಂದು ತಲೆ ಕೆಡಿಸಿಕೊಂಡಿರುವ ಹುಡುಗನಿಗೆ ‘ಡು’ ಮತ್ತು ‘ಡಸ್’ ಹೇಳಿಕೊಡುವುದು ಬಲು ಸುಲಭ.

ಇಂಗ್ಲೆಂಡಿನಲ್ಲಿ ಡಯಾನಾ ಫ್ರೈಡ್-ಬೂತ್ ಅವರೂ ಅದೇ ಕಾಲದಲ್ಲಿ ಪ್ರಾಜೆಕ್ಟ್ ಕೆಲಸದ ಬಗ್ಗೆ ಬರೆದರು. 1986ರ ಅವರ ‘ಪ್ರಾಜೆಕ್ಟ್ ವರ್ಕ್’ ಪುಸ್ತಕ ಶಿಕ್ಷಕರ ಕೈಪಿಡಿಯಾಗಿ ನಿಂತಿತು. ಅವರು ವಿವರಿಸಿದ ಕೆಲಸಗಳಲ್ಲಿ ನನಗೆ ಅಚ್ಚುಮೆಚ್ಚಿನದು ಗಾಲಿಕುರ್ಚಿಯಲ್ಲಿ ಓಡಾಡುವವರಿಗೆಂದು ವಿದ್ಯಾರ್ಥಿಗಳು ಮಾಡಿದ ಊರಿನ ಗೈಡ್. ಎಲ್ಲಿ ಮೆಟ್ಟಿಲಿದೆ, ಎಲ್ಲಿ ಬಾಗಿಲು ಕಿರಿದು, ಯಾವ ಹೋಟೆಲಿನೊಳಗೆ ಸಲೀಸಾಗಿ ಹೋಗಬಹುದು ಎಂದು ಊರು ಸುತ್ತಿ, ಅಳೆದು, ಕೇಳಿ ಬರೆಯಬೇಕಾದ ಕೆಲಸ ಅದು. ಬರೆದದ್ದು ತಪ್ಪಾದರೆ ಒಬ್ಬರ ಒಂದು ದಿನ ಹಾಳಾಗುತ್ತದೆ. ಮಾರ್ಕ್ಸಿಗಾಗಿ ಬರೆದ ಪ್ರಬಂಧದಲ್ಲಿ ಈ ಹೊಣೆ ಎಲ್ಲಿಂದ ಬರಬೇಕು!

ಹೊಣೆಯಿಲ್ಲದ ಪ್ರಾಜೆಕ್ಟ್ ಏನಾಗುತ್ತದೆ ಎಂಬುದನ್ನು ಜಾವಾದ ಬೊರೊಬುದುರ್‌ನಲ್ಲಿ ನೋಡಬಹುದು. ಅಲ್ಲಿಗೆ ಶಾಲಾ ಮಕ್ಕಳು ಪುಸ್ತಕ ಪೆನ್ನು ಹಿಡಿದು ಗುಂಪು ಗುಂಪಾಗಿ ಬರುತ್ತಾರೆ, ಪರದೇಶದವರನ್ನು ಕಂಡ ಕೂಡಲೇ ಸುತ್ತುವರಿದು ಇಂಗ್ಲಿಷಿನಲ್ಲಿ ಸಂದರ್ಶನ ಮಾಡುತ್ತಾರೆ. ಹೆಸರೇನು, ಯಾವ ದೇಶ, ಇಂಡೊನೇಷ್ಯಾ ಇಷ್ಟವಾಯಿತೇ, ಒಂದು ಫೋಟೊ. ಮಕ್ಕಳ ಧೈರ್ಯಕ್ಕೆ, ನಗುಮುಖಕ್ಕೆ ಮನಸ್ಸು ಸೋಲುತ್ತದೆ. ಬಾಯಿ ಬಿಡಿಸಲು ಅದು ಒಳ್ಳೆಯದೇ. ಆದರೆ ಬಂದ ಉತ್ತರ ಯಾರಿಗೂ ಬೇಕಿಲ್ಲ. ಕಾಗದದ ಮೇಲಿನ ಮುಂದಿನ ಪ್ರಶ್ನೆಗೆ ಹೋಗುವುದಷ್ಟೇ ಉಳಿದಿರುತ್ತದೆ. ಅತಿಥಿ ಹೇಳಿದ್ದನ್ನು ಕೇಳಿಸಿಕೊಂಡು ಏನಾದರೂ ಮಾಡಬೇಕಾದ ಕೆಲಸ ಇದ್ದಿದ್ದರೆ ಅದೇ ಮಕ್ಕಳ ಮಾತು ಬೇರೆಯೇ ಆಗುತ್ತಿತ್ತು.

ಈಗ ತುಂಡುಗಳನ್ನು ಜೋಡಿಸಬಹುದು. ಪ್ರವಾಸಿಗನಿಗೆ ಬೇಕಾದ ಇಂಗ್ಲಿಷ್ ಒಂದು ಬಗೆಯದು. ಅವನು ಕೇಳುವವನು; ಕೇಳುವ ಮಾತುಗಳನ್ನು ಪಟ್ಟಿ ಮಾಡಬಹುದು. ಯುರೋಪಿನ ಪಟ್ಟಿಗಳು ಅವನಿಗೆ ಸರಿಹೊಂದಿದವು. ಅವನನ್ನು ಬರಮಾಡಿಕೊಳ್ಳುವವರಿಗೆ ಬೇಕಾದ ಇಂಗ್ಲಿಷ್ ಅದರ ತಿರುವುಮುರುವು ಅಲ್ಲ. ಅವರು ಏನನ್ನೇ ಕೇಳಿದರೂ ಯೋಚಿಸಿ ಉತ್ತರ ಕೊಡಬೇಕಾದವರು. ಮೈಕೆಲ್ ಲಾಂಗ್ 1985ರಲ್ಲಿ ಟಾಸ್ಕ್ ಎಂದರೇನು ಎಂದು ವಿವರಿಸುವಾಗ ಕೊಟ್ಟ ಉದಾಹರಣೆಗಳಲ್ಲಿ ವಿಮಾನದ ಟಿಕೆಟ್ ಕಾದಿರಿಸುವುದರ ಜೊತೆಗೆ ಹೋಟೆಲಿನಲ್ಲಿ ಕೂತು ಬೇರೆಯವರಿಗೆ ರೂಮು ಕಾದಿರಿಸಿಕೊಡುವುದೂ ಇತ್ತು. ಆ ಎರಡನೆಯ ಕುರ್ಚಿಯಲ್ಲಿ ಕೂತವರದ್ದು ಪ್ರಭು ಹೇಳಿದ ಎರಡನೆಯ ಬಗೆಯ ಕೆಲಸ, ತರ್ಕದ ಕೆಲಸ.

ಹೊಸಪೇಟೆಯ ಲಾಡ್ಜೊಂದರ ಕೌಂಟರಿನಲ್ಲಿ ಒಂದು ಕುಟುಂಬ ನಿಂತಿದೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಬಂದವರು, ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ವಾಪಸು. ಅಜ್ಜಿಗೆ ಮಂಡಿನೋವು, ಮಗುವಿಗೆ ಹರಿಗೋಲು ಹತ್ತಬೇಕು, ಅಪ್ಪನಿಗೆ ಕಲ್ಲಿನ ರಥದ ಫೋಟೊ ಬೇಕು, ಎಲ್ಲರಿಗೂ ಸೂರ್ಯಾಸ್ತ ಬೇಕು. ಮತಂಗ ಬೆಟ್ಟ ಅಜ್ಜಿಗೆ ಆಗದು, ಹೇಮಕೂಟ ಆದೀತು. ವಿಠಲ ದೇವಸ್ಥಾನಕ್ಕೆ ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಇದೆ, ಆದರೂ ಒಳಗೆ ನಡೆಯಬೇಕು. ಮಧ್ಯಾಹ್ನ ಬಂಡೆ ಕಾದಿರುತ್ತದೆ, ಆ ಹೊತ್ತಿಗೆ ಕಮಲಾಪುರದ ಮ್ಯೂಸಿಯಂ ವಾಸಿ. ಹೊಳೆಯಲ್ಲಿ ನೀರು ಜೋರಾಗಿದ್ದರೆ ಹರಿಗೋಲು ಬೇಡವೆಂದು ಮಗುವಿಗೆ ಹೇಳಬೇಕು, ಅದೂ ಮನಸ್ಸು ಮುರಿಯದಂತೆ. ಯಾವ ವಾಕ್ಯಗಳ ಪಟ್ಟಿ ಇದನ್ನು ಕಲಿಸೀತು? ಕಾಟ್ಪಾಡಿಯ ಲೆಕ್ಕ ಮಾಡುತ್ತಿದ್ದ ಮಕ್ಕಳಿಗೆ ಇದು ಗುರುತಿನ ಕೆಲಸ.

ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲ ಕೋಣೆಯನ್ನೇ ತೆಗೆದುಕೊಳ್ಳಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ಒಂಬತ್ತು ನೆಲೆಯ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಇದು ಹೇಗೆ? ಪವಾಡ ಎಂದು ಹೇಳಿ 2 ನಿಮಿಷದಲ್ಲಿ ಮುಗಿಸಬಹುದು. ಬೆಳಕು ನೇರವಾಗಿ ಸಾಗುತ್ತದೆ, ಗೋಪುರದ ತುದಿಯಿಂದ ಹೊರಟದ್ದು ಕಿಂಡಿ ದಾಟಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಬರುತ್ತದೆ ಎಂದು ಒಂದು ಚೀಟಿಯ ಮೇಲೆ ಗೆರೆ ಎಳೆದು ತೋರಿಸಲೂಬಹುದು. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬೇಕಾದ ಪದಗಳು ಇಪ್ಪತ್ತು ಇದ್ದಾವು. ಹೋಲ್, ವಾಲ್, ಲೈಟ್, ಸ್ಟ್ರೇಟ್, ಅಪ್‌ಸೈಡ್ ಡೌನ್. ಆದರೆ ಹೇಳುವವನಿಗೆ ವಿಷಯ ತನಗೇ ತಿಳಿದಿರಬೇಕು. ಕಾಲೇಜಿನಲ್ಲಿ ಒಂದು ರಟ್ಟಿನ ಡಬ್ಬಿಗೆ ತೂತು ಮಾಡಿ ಅದನ್ನು ತಾನೇ ಮಾಡಿ ನೋಡಿದ ಹುಡುಗಿ, ಎರಡು ಮೂರು ಬಾರಿ ಗೆಳತಿಯರಿಗೆ ವಿವರಿಸಿ, ಆಮೇಲೆ ನಿಜವಾದ ಅತಿಥಿಗಳ ಮುಂದೆ ನಿಂತು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸಂಜೆ ಟೀಚರ್ ಜೊತೆ ಕೂತು ಕೇಳಿದರೆ ಫ್ರಾಂಕ್‌ಫರ್ಟಿನ ಮೂರೂ ಘಟ್ಟ ಮುಗಿದಂತೆ. ವೆಸ್ಟ್ ಕೇಳಿದ್ದ ಪ್ರಶ್ನೆಗೂ ಅಲ್ಲಿ ಉತ್ತರವಿದೆ. ಆ ಹುಡುಗಿ ಮರುದಿನವೇ ಓದು ಬಿಟ್ಟರೂ ಅದೊಂದು ವಿವರಣೆ ಅವಳದ್ದೇ, ಅದರಿಂದ ಸಂಪಾದನೆ ಸಾಧ್ಯ.

ಪ್ರಾಜೆಕ್ಟ್ ಎಂಬ ಹೆಸರಿಗೆ ನಮ್ಮಲ್ಲಿ ಒಂದು ಕಳಂಕ ಅಂಟಿದೆ, ಅದನ್ನೂ ಹೇಳಬೇಕು. ಅಂತರ್ಜಾಲದಿಂದ ಇಳಿಸಿದ ಹತ್ತು ಪುಟ, ಬಣ್ಣದ ಚಿತ್ರ, ಸ್ಪೈರಲ್ ಬೈಂಡಿಂಗ್. ಸೈಬರ್ ಸೆಂಟರಿನವನು ಕಲಿತಷ್ಟೂ ವಿದ್ಯಾರ್ಥಿ ಕಲಿಯುವುದಿಲ್ಲ. ಇದಕ್ಕೆ ವಿದ್ಯಾರ್ಥಿಯನ್ನು ದೂರಲಾರೆ. ಆ ಪುಟಗಳನ್ನು ಓದಿ ಉಪಯೋಗಿಸುವವರು ಯಾರೂ ಇಲ್ಲ ಎಂದು ಅವನಿಗೆ ಮೊದಲೇ ಗೊತ್ತು. ಮೇಜಿನ ಮೇಲೆ ಇಡುವ ಕೈಪಿಡಿಯನ್ನು ಒಂದು ಲಾಡ್ಜು ನಿಜವಾಗಿ ಇಡುವುದಾದರೆ, ನಕ್ಷೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಜವಾಗಿ ಹಂಚುವುದಾದರೆ ನಕಲಿಗೆ ಜಾಗವೇ ಇರುವುದಿಲ್ಲ. ಇಂಥ ಬಸ್ಸು ಎಷ್ಟು ಗಂಟೆಗೆ ಎಂಬುದು ಅಂತರ್ಜಾಲದಲ್ಲಿ ಸಿಗುವುದಿಲ್ಲ, ಕಂಡಕ್ಟರನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು ಎಚ್ಚರಿಕೆ ಪ್ರಭು ಅವರದೇ. ಅವರು ತಮ್ಮ ತರಗತಿಗಳಲ್ಲಿ ಗುಂಪು ಕೆಲಸಕ್ಕೆ ಹೆಚ್ಚು ಅವಕಾಶ ಕೊಡಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತದೆ, ಟೀಚರ್ ಬಾಯಿಂದ ಕೇಳುವ ಒಳ್ಳೆಯ ಇಂಗ್ಲಿಷಿಗೆ ಬದಲಿಯಿಲ್ಲ ಎಂಬುದು ಅವರ ಕಾಳಜಿ. ಪ್ರಾಜೆಕ್ಟ್ ಗುಂಪಿಲ್ಲದೆ ಆಗುವುದಿಲ್ಲ. ಹಾಗಾಗಿ ಯೋಜನೆಯ ಮಾತುಕತೆ ಕನ್ನಡದಲ್ಲೇ ನಡೆಯಲಿ ಎಂಬುದು ನನ್ನ ಅಭಿಪ್ರಾಯ. ಯಾವ ಜಾಗ ಮೊದಲು, ಯಾವುದು ಆಮೇಲೆ ಎಂದು ಜಗಳವಾಡುವಾಗ ಮುರುಕು ಇಂಗ್ಲಿಷಿನ ಶಿಕ್ಷೆ ಬೇಡ. ಅತಿಥಿಯ ಕಿವಿಗೆ, ಕಣ್ಣಿಗೆ ತಲುಪುವ ಪ್ರತಿಯೊಂದು ಸಾಲೂ ಇಂಗ್ಲಿಷಿನಲ್ಲಿರಲಿ, ಅದನ್ನು ಟೀಚರ್ ಜೊತೆಗೆ ಕೂತು ತಿದ್ದಲಿ. ಈ ತಿದ್ದುವ ಕೆಲಸಕ್ಕೆ ಸಮಯ ಬೇಕು, ಟೈಮ್‌ಟೇಬಲ್‌ನಲ್ಲಿ ಜಾಗ ಬೇಕು, ಅಂಕಗಳಲ್ಲಿ ಪಾಲು ಬೇಕು. 1984ರಲ್ಲಿ ಬೆಂಗಳೂರಿನ ಪ್ರಯೋಗ ನಿಂತದ್ದಕ್ಕೂ ಅದು ಶಾಲೆಗಳಲ್ಲಿ ಬೇರೂರದ್ದಕ್ಕೂ ವಿಧಾನದ ದೋಷಕ್ಕಿಂತ ಇವುಗಳ ಕೊರತೆಯೇ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ.

ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈ ಊರುಗಳ ಸುತ್ತಲಿನ ಪಿಯು ಮತ್ತು ಪದವಿ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಒಂದು ಪ್ರಾಜೆಕ್ಟ್ ಮಾಡಿಸಿ. ನಿಮ್ಮ ಊರಿನ ದೇವಾಲಯಕ್ಕೆ ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಂಡಿನೋವಿನ ಅಜ್ಜಿಯರಿಗೆ ಎಲ್ಲಿಯವರೆಗೆ ಹೋಗಬಹುದು, ಎಷ್ಟು ಮೆಟ್ಟಿಲು, ನೆರಳು ಎಲ್ಲಿ, ಕುಡಿಯುವ ನೀರು ಎಲ್ಲಿ, ಶೌಚಾಲಯ ಎಲ್ಲಿ ಎಂದು ವಿದ್ಯಾರ್ಥಿಗಳು ಅಳೆದು ಬರೆದ ಎರಡು ಪುಟದ ಇಂಗ್ಲಿಷ್ ಗೈಡ್. ಅದನ್ನು ಊರಿನ ಲಾಡ್ಜುಗಳಲ್ಲಿ ಇಡಿಸಿ. ಅದನ್ನು ಹಿಡಿದು ಬಂದ ಮೊದಲ ಅತಿಥಿಗಳ ಜೊತೆ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ, ಬರೆದದ್ದರಲ್ಲಿ ತಪ್ಪೆಲ್ಲಿದೆ ಎಂದು ಅವರನ್ನೇ ಕೇಳಿಕೊಂಡು ಬರಲು ಹೇಳಿ.